ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ

(ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಪಕ್ಕ. ಭಾನುವಾರ ಬೆಳಿಗ್ಗೆ ಏಳೂವರೆ. ಮಾವ ನೀರು ಸರಬರಾಜಿನ ಕೆಲಸದಲ್ಲಿ ಮೂವತ್ತಮೂರು ವರ್ಷ ಸವೆಸಿ ನಿವೃತ್ತರಾದ ಎಂಜಿನಿಯರು. ಸೊಸೆ ಅಂದರೆ ಅವರ ಅಕ್ಕನ ಮಗಳು. ಜಾಹೀರಾತು ಸಂಸ್ಥೆಯೊಂದರಲ್ಲಿ ಬರೆಯುವ ಕೆಲಸ. ಅವಳ ಕೈಯಲ್ಲಿ ನಾಲ್ಕು ಹಾಳೆ.)

ಸೊಸೆ: ನಗಬಾರದು ಮಾವ. ಮೊದಲೇ ಹೇಳಿದ್ದೀನಿ.

ಮಾವ: ನಾನೆಲ್ಲಿ ನಕ್ಕೆ? ಓದಮ್ಮ.

ಸೊಸೆ: ಮೂರು ನಿಮಿಷದ ಫಿಲ್ಮು. ಬಂಡವಾಳ ಹೂಡೋಕೆ ಹೊರದೇಶದಿಂದ ಬರ್ತಾರಲ್ಲ, ಅವರನ್ನ ಸಭಾಂಗಣದಲ್ಲಿ ಕೂರಿಸಿ ಭಾಷಣಕ್ಕೆ ಮೊದಲು ತೋರಿಸೋದು. ಮಾಡಿಸ್ತಿರೋರು ಹೇಳಿದ್ದು ಒಂದೇ ಮಾತು: ಬೆಂಗಳೂರಿನ ಹೆಸರು ಇನ್ನೊಂದು ಮೆಟ್ಟಿಲು ಮೇಲೇರಬೇಕು. ಹಾಗಾಗಿ ಮೇಲಿಂದಲೇ ಶುರು. ಡ್ರೋನ್ ಮೋಡದಿಂದ ಇಳಿಯುತ್ತೆ. ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್, ಬಿದಿರಿನ ಚಾವಣಿ, ಮೇಲಿಂದ ಇಳಿಬಿಟ್ಟ ಗಿಡಗಳು. ಅಲ್ಲೇ ಹೊರಗೆ 108 ಅಡಿಯ ಕಂಚಿನ ಕೆಂಪೇಗೌಡರು. ಆಮೇಲೆ ಕೆ.ಆರ್. ಪುರದ ತೂಗುಸೇತುವೆ, ಗಾಜಿನ ಕಟ್ಟಡಗಳು, ಮೆಟ್ರೊ...

ಮಾವ: ಈ ಡ್ರೋನು ನೆಲ ಮುಟ್ಟೋದು ಎಷ್ಟನೇ ನಿಮಿಷಕ್ಕೆ?

ಸೊಸೆ: ಮುಟ್ಟೋದೇ ಇಲ್ಲ ಮಾವ. ಮುಟ್ಟಿದ್ರೆ ಫುಟ್‌ಪಾತ್ ಕಾಣುತ್ತೆ.

ಮಾವ: ಈಗ ನಕ್ಕಿದ್ದು ನಿನ್ನ ಫಿಲ್ಮಿಗಲ್ಲ, ನಿನ್ನ ಮಾತಿಗೆ. ಮುಂದೆ?

ಸೊಸೆ: ಮುಗಿಯೋದು ಸ್ಕೈಡೆಕ್‌ನಿಂದ. ಇನ್ನೂ ಕಟ್ಟಿಲ್ಲ, ಗ್ರಾಫಿಕ್ಸ್‌ನಲ್ಲಿ ಎಬ್ಬಿಸ್ತೀವಿ. 250 ಮೀಟರ್ ಎತ್ತರದ ವೀಕ್ಷಣಾ ಗೋಪುರ, ಸುಮಾರು 500 ಕೋಟಿ ಅಂದಾಜು. 2024ರಲ್ಲಿ ಸಚಿವ ಸಂಪುಟ ಒಪ್ಪಿದೆ.

ಮಾವ: ನಾನು ಹುಡುಗನಾಗಿದ್ದಾಗ ಈ ಬಂಡೆಯೇ ಸ್ಕೈಡೆಕ್. ಟಿಕೆಟ್ ಇರಲಿಲ್ಲ, ಲಿಫ್ಟ್ ಇರಲಿಲ್ಲ. ನಿಂತ್ರೆ ಕಣ್ಣು ಹಾಯೋವರೆಗೂ ಮರ, ಮರದ ನಡುವೆ ಅಲ್ಲೊಂದು ಇಲ್ಲೊಂದು ಮಂಗಳೂರು ಹೆಂಚು. 300 ಕೋಟಿ ವರ್ಷ ಹಳೆಯ ಕಲ್ಲಂತೆ ಇದು. ಇದರ ಮೇಲೆ ಕೂತು ನಾವು ಚುರುಮುರಿ ತಿಂದು ಪೊಟ್ಟಣ ಇಲ್ಲೇ ಎಸೆದು ಹೋಗ್ತಿದ್ವಿ, ಅದನ್ನೂ ಹೇಳಬೇಕು. ಎತ್ತರ ಕಟ್ಟೋರ ಮೇಲೆ ನನಗೇನೂ ಸಿಟ್ಟಿಲ್ಲ ಕಣಮ್ಮ. ಆದರೆ ಮೇಲೆ ಹತ್ತಿದವನು ನೋಡೋದು ಏನನ್ನ? ಕೆಳಗಿರೋದನ್ನೇ.

ಸೊಸೆ: ಗೊತ್ತಿತ್ತು. ಇನ್ನು ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನೋದು ಬರುತ್ತೆ.

ಮಾವ: ಬರಲ್ಲ. ಬೇರೆ ಲೆಕ್ಕ ಹೇಳ್ತೀನಿ. ನಾವು ಎಸ್ಟಿಮೇಟ್ ಬರೀತಿದ್ದದ್ದು ಹೇಗೆ ಗೊತ್ತಾ? ಮೊದಲು ಮಣ್ಣು ಅಗೆಯೋದು, ಆಮೇಲೆ ಮರಳು ಹಾಸೋದು, ಪೈಪು, ಜಾಯಿಂಟು, ವಾಲ್ವು, ಮತ್ತೆ ಮಣ್ಣು ಮುಚ್ಚೋದು. ಬಣ್ಣ, ಬೋರ್ಡು ಅನ್ನೋದು ಕಟ್ಟಕಡೆಯ ಐಟಂ. ಈ ಊರಿಗೆ ಹೆಸರು ಬಂದದ್ದೂ ಹೆಚ್ಚುಕಡಿಮೆ ಹಾಗೇ. ಏನೋ ಒಂದು ಕಷ್ಟ ಬಂತು, ಅದಕ್ಕೆ ಕೆಲಸ ಮಾಡಿದ್ರು, ಕೆಲಸ ಮುಗಿದ ಮೇಲೆ ಹೆಸರು ಉಳೀತು. ಈಗಿನ ಎಸ್ಟಿಮೇಟ್‌ನಲ್ಲಿ ಹೆಸರೇ ಮೊದಲನೇ ಐಟಂ. ನನ್ನ ತಕರಾರು ಅಷ್ಟೇ.

ಸೊಸೆ: ಕಷ್ಟದಿಂದ ಬಂದ ಹೆಸರಿಗೆ ಒಂದು ಉದಾಹರಣೆ ಕೊಡಿ.

ಮಾವ: ಮಲ್ಲೇಶ್ವರ, ಬಸವನಗುಡಿ ನಿನ್ನ ಫಿಲ್ಮಿನಲ್ಲಿ ಇದಾವಾ?

ಸೊಸೆ: ಇಲ್ದೆ ಏನು? ‘ಪಾರಂಪರಿಕ ಬಡಾವಣೆಗಳು’. ಐದು ಸೆಕೆಂಡು. ಕೆಂಪು ಸಾರಣೆಯ ನೆಲ, ರಂಗೋಲಿ, ಲೋಟದಿಂದ ಬಟ್ಟಲಿಗೆ ಸುರಿಯೋ ಕಾಫಿ.

ಮಾವ: ಅವನ್ನ ಕಟ್ಟಿಸಿದ್ದು ಇಲಿ. 1898ರ ಪ್ಲೇಗು. ಪೇಟೆಯೊಳಗೆ ಗೋಡೆಗೆ ಗೋಡೆ ಅಂಟಿದ ಮನೆಗಳು, ಗಾಳಿಯಿಲ್ಲ, ಬೆಳಕಿಲ್ಲ. ಜನ ಸತ್ತರು, ಉಳಿದವರು ಊರಾಚೆ ಗುಡಿಸಲು ಹಾಕಿಕೊಂಡರು. ಬಡಾವಣೆಗಳ ನಕ್ಷೆ ಮೊದಲೇ ಕಾಗದದ ಮೇಲಿತ್ತು ಅಂತಾರೆ, ಆದರೆ ಅಲ್ಲಿಗೆ ಜನರನ್ನ ಓಡಿಸಿದ್ದು ಆ ಭಯ. ಅದಕ್ಕೇ ಅಗಲವಾದ ರಸ್ತೆ, ಮನೆಗೂ ಮನೆಗೂ ನಡುವೆ ಬಯಲು, ಹಿಂದುಗಡೆ ಕನ್ಸರ್ವೆನ್ಸಿ. ಕಕ್ಕಸು ಬಾಚೋರು ಬೀದಿಗೆ ಬಾರದೆ ಹಿಂದಿನಿಂದ ಬಂದು ಹೋಗೋ ಗಲ್ಲಿ ಅದು. ನೀನೀಗ ಪರಂಪರೆ ಅಂತ ಐದು ಸೆಕೆಂಡು ತೋರಿಸೋದು ಆ ಕಾಲದ ಆರೋಗ್ಯ ಇಲಾಖೆಯ ಮುನ್ನೆಚ್ಚರಿಕೆಯನ್ನ. ಅದಕ್ಕೆ ಎರಡು ವರ್ಷ ಮೊದಲು, 1896ರಲ್ಲಿ, ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲ. ಕೆರೆ ಬತ್ತಿ ಜನ ಬಾಯಿ ಬಾಯಿ ಬಿಟ್ಟಿದ್ರು, ಅದಕ್ಕೆ.

ಸೊಸೆ: ಅವರ ಕಾಲ ಮುಗಿದ ಮೇಲಿನ ಇನ್ನೊಂದು ಇದೆ ನನ್ನ ಹಾಳೆಯಲ್ಲಿ. ‘ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿದೀಪ ಕಂಡ ನಗರ, 1905.’

ಮಾವ: ‘ಏಷ್ಯಾದಲ್ಲೇ ಮೊದಲು’ ಅನ್ನೋದನ್ನ ಹೊಡೆದುಹಾಕು. ಕಲ್ಕತ್ತೆಯಲ್ಲಿ 1899ರಲ್ಲೇ ವಿದ್ಯುತ್ ಸ್ಥಾವರ ಇತ್ತು, ಅಲ್ಲಿಂದ ಬಂದೋನು ಎದ್ದು ನಿಂತು ಕೇಳಿದ್ರೆ ಮುಖ ಎಲ್ಲಿಡ್ತೀಯ? ಇರೋ ಕಥೆಯೇ ಅದಕ್ಕಿಂತ ಚೆನ್ನಾಗಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ಬೀಳೋ ಕಡೆ ಕರೆಂಟು ತೆಗೆದರು. ಯಾರಿಗೆ? ಬೆಂಗಳೂರಿಗಲ್ಲ. ಕೋಲಾರದ ಚಿನ್ನದ ಗಣಿಗೆ. ಸುಮಾರು 150 ಕಿಲೋಮೀಟರ್ ತಂತಿ ಎಳೆದರು. ಜಗತ್ತಿನಲ್ಲೇ ಆಗ ಅಂಥ ಉದ್ದದ ತಂತಿ ಬೆರಳೆಣಿಕೆ. ನಮಗೆ ದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ. ಅಂದರೆ ಕೋಲಾರದ ಚಿನ್ನದ ದೆಸೆಯಿಂದ ನಮ್ಮ ಬೀದಿಗೆ ಬೆಳಕು.

ಸೊಸೆ: ಇದನ್ನ ಬರೆದುಕೊಳ್ತೀನಿ. ಇದು ಚೆನ್ನಾಗಿದೆ.

ಮಾವ: ಟಾಟಾ ಇನ್‌ಸ್ಟಿಟ್ಯೂಟ್, ಅದೇ ಭಾರತೀಯ ವಿಜ್ಞಾನ ಸಂಸ್ಥೆ, ಅದೂ ಹಾಗೇ; ಮಹಾರಾಣಿಯವರು ಸುಮಾರು 370 ಎಕರೆ ಬಿಟ್ಟುಕೊಟ್ಟದ್ದು ಪಾಠಕ್ಕೆ, ಪ್ರಚಾರಕ್ಕಲ್ಲ. ಅದು ಇದ್ದದ್ದರಿಂದ ಎಚ್‌ಎಎಲ್ ಬಂತು, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ಅವು ಇದ್ದದ್ದರಿಂದ ಎಂಜಿನಿಯರಿಂಗ್ ಕಾಲೇಜು ಬಂದವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗ ನಾವು ಯಾರಿಗೂ ಫಿಲ್ಮು ತೋರಿಸಿರಲಿಲ್ಲ.

ಸೊಸೆ: ಈಗ ನನ್ನ ಸರದಿ. ಅಲ್ಲಿ ಕೆಳಗೆ ಗಾಜಿನ ಮನೆ ಇದೆಯಲ್ಲ, ಅದಕ್ಕೆ ಯಾವ ಪ್ಲೇಗು ಬಂದಿತ್ತು? 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದಾಗ ಅಡಿಗಲ್ಲು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿಕೊಂಡು ಮಾಡಿದ್ದು. ಅಪ್ಪಟ ಪ್ರದರ್ಶನ. ಹೆಸರು ಮೊದಲನೇ ಐಟಂ. ವಿಧಾನಸೌಧ? ಕೆಂಗಲ್ ಹನುಮಂತಯ್ಯನವರಿಗೆ ಬರೀ ಕಚೇರಿ ಬೇಕಿದ್ರೆ ನಾಲ್ಕು ಶೆಡ್ಡು ಹಾಕಿಸಬಹುದಿತ್ತು. ನೋಡಿದವರು ಬಾಯಿ ಮೇಲೆ ಬೆರಳಿಡಲಿ ಅಂತಲೇ ಕಟ್ಟಿಸಿದ್ದು. ಈಗ ಅದನ್ನೇ ನಾವು ‘ಬ್ರ್ಯಾಂಡಿಂಗ್’ ಅಂದ್ರೆ ನಿಮಗೆ ಮೈ ಉರಿಯುತ್ತೆ.

ಮಾವ: ...ಹ್ಞೂಂ.

ಸೊಸೆ: ಬರೀ ಹ್ಞೂಂ ಆದ್ರೆ ಆಗಲ್ಲ.

ಮಾವ: ಒಪ್ಪಿದೆ ಅಂತಲೇ ಹ್ಞೂಂ. ವಿಧಾನಸೌಧ ದುಂದು ಅಂತ ಕೆಂಗಲ್ ಅವರನ್ನ ಬೈಯದವರಿಲ್ಲ ಆಗ. ಬೈದವರ ಹೆಸರು ಹೋಯ್ತು, ಕಟ್ಟಡ ನಿಂತಿದೆ. ಆದರೂ ಒಂದು ವ್ಯತ್ಯಾಸ ನನಗೆ ಕಾಣುತ್ತೆ. ಅದರ ಕಲ್ಲು ಮಲ್ಲಸಂದ್ರದ್ದು, ಹೆಸರಘಟ್ಟದ ಕಡೆಯದು. ನಾವು ಕಾಲೇಜು ಹುಡುಗರು ಸಂಜೆ ಅದರ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿಂತಿದ್ವಿ, ಬೇಲಿ ಬಂದದ್ದು ಎಷ್ಟೋ ಆಮೇಲೆ. ಗಾಜಿನ ಮನೆಯೂ ಹಾಗೇ. ರಾಜಕುಮಾರ ಹಡಗು ಹತ್ತಿದ. ಆಗಸ್ಟ್ ಬಂದ್ರೆ ಮಾಗಡಿ, ದೊಡ್ಡಬಳ್ಳಾಪುರದಿಂದ ಜನ ಬುತ್ತಿ ಕಟ್ಟಿಕೊಂಡು ಹೂವು ನೋಡೋಕೆ ಬರ್ತಾರೆ. ನೆಂಟರು ಎದ್ದು ಹೋದ ಮೇಲೆ ಮನೆಯವರು ಕೂರೋ ಹಾಗಿದ್ರೆ ಆ ಪಡಸಾಲೆಗೆ ನನ್ನ ತಕರಾರಿಲ್ಲ.

ಸೊಸೆ: ಟರ್ಮಿನಲ್ ಎರಡೂ ಚೆನ್ನಾಗೇ ಇದೆ ಮಾವ. ಹೋಗಿ ನೋಡಿದ್ದೀರಾ?

ಮಾವ: ನಿಮ್ಮತ್ತೆಯನ್ನ ಬಿಡೋಕೆ ಹೋದಾಗ ಹೊರಗಿಂದ ನೋಡಿದೆ. ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ವಾಪಸ್ ಮನೆಗೆ ಬರೋಕೆ ಎರಡೂ ಕಾಲು ಗಂಟೆ ಹಿಡೀತು. ಅವಳು ಅಷ್ಟರಲ್ಲಿ ದೆಹಲಿ ಹತ್ತಿರ ಇದ್ದಳು.

ಸೊಸೆ: ಹೆಸರು ಅಂದ್ರೆ ನಿಮಗೆ ಬರೀ ಥಳುಕು. ಆದರೆ ಹೆಸರಿಗೆ ಸಾಲ ಹುಟ್ಟುತ್ತೆ. ಕಾವೇರಿ ಐದನೇ ಹಂತಕ್ಕೆ ಜಪಾನಿನವರು ಸಾಲ ಕೊಟ್ಟದ್ದು ಯಾಕೆ? ಈ ಊರು ತೀರಿಸುತ್ತೆ ಅನ್ನೋ ನಂಬಿಕೆ. ಅದೂ ಒಂಥರಾ ಬ್ರ್ಯಾಂಡೇ.

ಮಾವ: ಅದು ಬ್ರ್ಯಾಂಡಲ್ಲ, ಪತ್ತು. ಅಂಗಡಿ ಶೆಟ್ಟರು ಉದ್ದರಿ ಕೊಡೋದು ನಿನ್ನ ಸೀರೆ ನೋಡಿ ಅಲ್ಲ, ಹಿಂದಿನ ತಿಂಗಳ ಬಾಕಿ ಚುಕ್ತಾ ಆಗಿದೆಯಾ ಅಂತ ನೋಡಿ. ಹೆಸರಿನ ವಿಷಯ ತೆಗೆದದ್ದಕ್ಕೆ ಕೇಳ್ತೀನಿ, ಅಮೆರಿಕದಲ್ಲಿ ನಮ್ಮೂರು ಒಂದು ಕ್ರಿಯಾಪದ ಆಗಿತ್ತಲ್ಲ?

ಸೊಸೆ: ‘ಬ್ಯಾಂಗಲೋರ್ಡ್’. ನಿಮ್ಮ ಕೆಲಸ ಬೆಂಗಳೂರಿಗೆ ಹೊರಟುಹೋಯ್ತು, ನೀವು ಮನೆಗೆ ಹೋಗಿ ಅಂತ.

ಮಾವ: ಜಗತ್ತಿನ ಎಷ್ಟು ಊರಿಗೆ ಆ ಭಾಗ್ಯ ಉಂಟು? ಒಂದು ಪೈಸೆ ಖರ್ಚಿಲ್ಲದೆ ಸಿಕ್ಕ ಪ್ರಚಾರ. ಅಲ್ಲಿ ಯಾರದೋ ಮನೆಯಲ್ಲಿ ಒಲೆ ಆರಿ ಬಂದ ಹೆಸರು ಅನ್ನೋದೂ ನಿಜ.

ಸೊಸೆ: 2017ರಲ್ಲಿ ಊರಿಗೆ ಲೋಗೊ ಮಾಡಿದ್ರು ಗೊತ್ತಾ? ಲೋಗೊ ಇರೋ ದೇಶದ ಮೊದಲ ನಗರ ಅಂತ ಸುದ್ದಿ. ಹೆಸರಿನೊಳಗೇ ‘ನೀನು ನೀನಾಗಿರು’ ಅನ್ನೋ ಇಂಗ್ಲಿಷ್ ಮಾತು ಕೆಂಪಕ್ಷರದಲ್ಲಿ. ಜಾಣತನದ ಕೆಲಸ, ನನಗೆ ಹೊಟ್ಟೆಕಿಚ್ಚು ಬಂದಿತ್ತು.

ಮಾವ: ಈಗೆಲ್ಲಿದೆ ಅದು?

ಸೊಸೆ: ...ನೀವು ಬೇರೆ ಮಾತಾಡಿ ಮಾವ.

ಮಾವ: ಸಿಂಗಪುರ ಮಾತಾಡೋಣ. ನಿನ್ನ ಹಾಳೆಯಲ್ಲಿ ಇದ್ದೇ ಇರುತ್ತೆ.

ಸೊಸೆ: ಇಲ್ಲ. ಅದು ನಿಮ್ಮ ಕಾಲದ ಕನಸು. 1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆದಾಗ ಶುರುವಾದದ್ದು. ಕಂಪನಿ ಮಂದಿಯನ್ನೂ ಅಧಿಕಾರಿಗಳನ್ನೂ ಒಟ್ಟು ಕೂರಿಸಿ ಕಾರ್ಯಪಡೆ ಮಾಡಿದ್ರು, ನಂದನ್ ನಿಲೇಕಣಿ ಅಧ್ಯಕ್ಷರು. ನಾನಾಗ ಪ್ರೈಮರಿ ಶಾಲೆ. ‘ಬೆಂಗಳೂರನ್ನ ಸಿಂಗಪುರ ಮಾಡ್ತೀವಿ’ ಅನ್ನೋದನ್ನ ಕೇಳಿ, ಹಾಗಾದ್ರೆ ಸಿಂಗಪುರವನ್ನ ಏನು ಮಾಡ್ತಾರೆ ಅಂತ ಅಪ್ಪನ್ನ ಕೇಳಿದ್ದೆ.

ಮಾವ: ಕಾರ್ಯಪಡೆಯನ್ನ ನಾನು ಹೀಗಳೆಯಲ್ಲ. ಪಾಲಿಕೆಯ ಲೆಕ್ಕಪತ್ರ ನೆಟ್ಟಗಾದದ್ದರಲ್ಲಿ ಅವರ ಪಾಲಿದೆ. ಆದರೆ ಸಿಂಗಪುರ ಅಂದಾಗ ಎಲ್ಲರ ಕಣ್ಣಿಗೆ ಬಂದದ್ದು ಗೋಪುರಗಳು. ನನಗೆ ಬಂದದ್ದು ಅವರ ನದಿ. 1977ರಲ್ಲಿ, ನಾನು ಕೆಲಸಕ್ಕೆ ಸೇರಿದ ವರ್ಷವೇ, ಲೀ ಕ್ವಾನ್ ಯೂ ಹತ್ತು ವರ್ಷದೊಳಗೆ ಸಿಂಗಪುರ ನದಿ ಶುದ್ಧ ಆಗಬೇಕು ಅಂದರು. ಕೊಳಚೆ ಎಲ್ಲಿಂದ ಬರುತ್ತೆ ಅಂತ ಮೂಲ ಹುಡುಕಿಕೊಂಡು ಹೋದರು: ಹಂದಿ ಸಾಕೋ ದೊಡ್ಡಿ, ಬಾತುಕೋಳಿ ಫಾರಂ, ಬೀದಿ ತಿಂಡಿಯವರು, ಚರಂಡಿಯಿಲ್ಲದ ಗುಡಿಸಲು. ಒಂದೊಂದನ್ನೂ ಎಬ್ಬಿಸಿ ಬೇರೆಡೆ ಕೂರಿಸಿದರು, ಸರ್ಕಾರಿ ಫ್ಲ್ಯಾಟ್ ಕೊಟ್ಟರು. 1987ಕ್ಕೆ ನದಿ ಶುದ್ಧವಾಯ್ತು. ಹಂದಿ ಸಾಕೋರು ಕಸುಬು ಕಳಕೊಂಡರು, ಅದೂ ಆ ಲೆಕ್ಕದಲ್ಲಿದೆ. ಈಗ ನಮ್ಮ ವೃಷಭಾವತಿ. ಇಲ್ಲಿಂದ ಕೂಗಳತೆಯಲ್ಲಿ, ದೊಡ್ಡ ಬಸವಣ್ಣನ ಕಾಲಬುಡದಲ್ಲಿ ಹುಟ್ಟುತ್ತೆ ಅಂತ ನಂಬಿಕೆ. ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿದ್ರೆ ಅದೇ ಗುರುತು, ವೃಷಭಾವತಿ ಬಂತು ಅಂತ. ಆ ನೀರು ಹೋಗಿ ಬೈರಮಂಗಲದ ಕೆರೆ ತುಂಬುತ್ತೆ.

ಸೊಸೆ: ಸಿಂಗಪುರದವರು 1990ರಿಂದ ಕಾರು ಕೊಳ್ಳೋ ಹಕ್ಕನ್ನೇ ಹರಾಜು ಹಾಕ್ತಾರೆ. ಇಲ್ಲಿ ಮಾಡಿದ್ರೆ ಸಂಜೆಯೊಳಗೆ ಸರ್ಕಾರ ಬೀಳುತ್ತೆ. ನಾವು ಏನು ಮಾಡ್ತೀವಿ? ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹದಿನೇಳು ಕಿಲೋಮೀಟರ್ ಸುರಂಗ ಅಂತೀವಿ. ಅದನ್ನ ನಾನೂ ಒಪ್ಪಲ್ಲ, ಆದರೆ ಫಿಲ್ಮಿನಲ್ಲಿ ಇದೆ.

ಮಾವ: ಅದಕ್ಕೆ ಈ ತೋಟದ ನೆಲವೂ ಬೇಕು ಅಂದಾಗ ವಾಕಿಂಗ್ ಬರೋರೆಲ್ಲ ಎದ್ದರು ನೋಡು. ಬೊಜ್ಜು ಕರಗಿಸೋಕೆ ಬಂದವರು ಬ್ಯಾನರ್ ಹಿಡಿದರು.

ಸೊಸೆ: ಕರಗ ಅಂದ ಕೂಡಲೇ ನೆನಪಾಯ್ತು. ಕರಗ ಇದೆ. ನಾಲ್ಕು ಸೆಕೆಂಡು. ರಾತ್ರಿ, ಮಲ್ಲಿಗೆ, ವೀರಕುಮಾರರ ಕತ್ತಿ.

ಮಾವ: ಕರಗ ಹೋಗಿ ಬರೋ ಮಸ್ತಾನ್ ಸಾಹೇಬರ ದರ್ಗಾ?

ಸೊಸೆ: ಅದೂ ಇದೆ. ಅದನ್ನ ಬಿಡ್ತೀನಾ?

ಮಾವ: ಸಂಪಂಗಿ ಕೆರೆ?

ಸೊಸೆ: ಅದೆಲ್ಲಿದೆ? ಅಲ್ಲಿ ಕಂಠೀರವ ಸ್ಟೇಡಿಯಂ ಅಲ್ವಾ?

ಮಾವ: ಸ್ಟೇಡಿಯಂ ಪಕ್ಕ ಒಂದು ಮೂಲೆಯಲ್ಲಿ ಚೌಕದ ಹೊಂಡ ಉಳಿದಿದೆ. ಕರಗದ ವಿಧಿಗೆ ಸಂಪಂಗಿ ಕೆರೆ ಬೇಕೇ ಬೇಕು. ಹಾಗಂತ ಕೆರೆ ತೆಗೆದವರು ಅಷ್ಟು ಬಿಟ್ಟರು. ಕರಗ ಹೊರೋದು ತಿಗಳರು, ತೋಟಗಾರಿಕೆಯ ಜನ. ಕೆರೆ ಹಿಂದಿನ ತೋಟದಲ್ಲಿ ಸೊಪ್ಪು, ತರಕಾರಿ ಬೆಳೆದು ಪೇಟೆಗೆ ಹಾಕ್ತಿದ್ದವರು. ಈ ಲಾಲ್‌ಬಾಗ್ ಹಸಿರಾದದ್ದರಲ್ಲೂ ಅವರ ಕೈಯಿದೆ. ಕೆರೆ ಹೋಯ್ತು, ತೋಟ ಹೋಯ್ತು, ಕಸುಬು ಹೋಯ್ತು, ಹಬ್ಬ ಮಾತ್ರ ಅವರು ಬಿಟ್ಟಿಲ್ಲ. ನೀನು ನಾಲ್ಕು ಸೆಕೆಂಡು ಮಲ್ಲಿಗೆ ತೋರಿಸು, ಬೇಡ ಅನ್ನಲ್ಲ. ಆ ಹೊಂಡವನ್ನ ಒಂದು ಸೆಕೆಂಡು ತೋರಿಸು. ಧರ್ಮಾಂಬುಧಿ ಮೇಲೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು, ಅಕ್ಕಿತಿಮ್ಮನಹಳ್ಳಿ ಕೆರೆ ಮೇಲೆ ಹಾಕಿ ಮೈದಾನ. ಊರಿನ ದೊಡ್ಡಸ್ತಿಕೆಗೆ ಜಾಗ ಬೇಕು ಅಂದಾಗಲೆಲ್ಲ ಕೈ ಹೋದದ್ದು ಕೆರೆಗೆ. ಕೆರೆಗೆ ಪಟ್ಟಾ ಇಲ್ಲ, ಕೋರ್ಟಿಗೆ ಹೋಗಲ್ಲ.

ಸೊಸೆ: 2022ರ ಸೆಪ್ಟೆಂಬರ್‌ನಲ್ಲಿ ಹೋಯ್ತಲ್ಲ.

ಮಾವ: ಎಲ್ಲಿಗೆ?

ಸೊಸೆ: ಬೆಳ್ಳಂದೂರು, ಯಮಲೂರು ಕಡೆ ಮನೆಮನೆಗೂ. ನಮ್ಮ ಆಫೀಸಿನವರು ಟ್ರ್ಯಾಕ್ಟರ್ ಮೇಲೆ ನಿಂತು ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಂದ್ರು. ಆ ಫೋಟೊ ಜಗತ್ತೆಲ್ಲ ಓಡಿತು. ನನ್ನಂಥವರು ಹತ್ತು ವರ್ಷ ಬರೆದದ್ದು ಮೂರು ದಿನದಲ್ಲಿ ತೊಳೆದುಹೋಯ್ತು ಅಂತ ಆಗ ಅನಿಸಿದ್ದು ನಿಜ.

(ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಬಂಡೆಯ ಇನ್ನೊಂದು ಬದಿಯಲ್ಲಿ ಯಾರೋ ಪ್ರಾಣಾಯಾಮ ಕಲಿಸುತ್ತಿದ್ದರು.)

ಸೊಸೆ: ಆದರೆ ಮಾವ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೆಂಪು ಹೆಂಚು, ಮರ, ಮೆಟ್ಟಿಲ ಮೇಲಿನ ಕಡಲೆಕಾಯಿ, ಅದೆಲ್ಲ ಸೈಟ್ ಇದ್ದವರ ಬೆಂಗಳೂರು. ನಮ್ಮ ಯಜಮಾನರ ಮನೆಯವರು ಶಹಾಪುರದ ಕಡೆಯವರು. ಅವರ ದೊಡ್ಡಪ್ಪನ ಮಕ್ಕಳು ಮೂವರು ಇಲ್ಲಿ ಮೆಟ್ರೊ ಕಂಬಕ್ಕೆ ಕಬ್ಬಿಣ ಕಟ್ಟಿದವರು. ತಗಡಿನ ಶೆಡ್ಡಿನಲ್ಲಿ ಆರು ವರ್ಷ ಇದ್ದರು. ಒಬ್ಬನ ಮಗಳು ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡ್ತಾಳೆ, ಪಿಜಿಯಲ್ಲಿ ಇದ್ದಾಳೆ, ಊರಿಗೆ ದುಡ್ಡು ಕಳಿಸ್ತಾಳೆ. ನಿಮ್ಮ ಆ ಊರ ಹೆಸರು ದೊಡ್ಡದಾಗದೇ ಇದ್ದಿದ್ರೆ ಅವಳು ಎಲ್ಲಿರ್ತಿದ್ದಳು? ನೀವು ಊರು ಕೆಟ್ಟಿತು ಅಂದಾಗಲೆಲ್ಲ ನನಗೆ, ನಾವು ಬಂದು ಕೆಟ್ಟಿತು ಅಂದ ಹಾಗೆ ಕೇಳಿಸುತ್ತೆ.

ಮಾವ: ಹಾಗೆ ಹೇಳಿದೆನಾ?

ಸೊಸೆ: ಬಾಯಿಬಿಟ್ಟು ಹೇಳಿಲ್ಲ.

ಮಾವ: ನೀನು ಹೇಳಿದ್ದು ನಾಟಿತು, ನಾಟಬೇಕಾದದ್ದೇ. 1951ರ ಜನಗಣತಿಯಲ್ಲಿ ಈ ಊರು ಎಂಟು ಲಕ್ಷ ಮುಟ್ಟಿರಲಿಲ್ಲ. 2011ರಲ್ಲಿ 84 ಲಕ್ಷ. ಎಂಟು ಲಕ್ಷದವರು ಹೆಚ್ಚು ಒಳ್ಳೆಯವರು, ಆಮೇಲೆ ಬಂದವರು ಕೆಟ್ಟವರು ಅನ್ನೋ ಲೆಕ್ಕ ನನ್ನದಲ್ಲ. ನನ್ನ ಲೆಕ್ಕ ಲೀಟರ್‌ನದು. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅಂತ ಗಾದೆ ಮಾಡಿದವರಿಗೆ ಗೊತ್ತಿತ್ತು. ಫಿಲ್ಮು ತೋರಿಸಿ ಕರೆಯೋರು ಆ ಗಾದೆ ನೆನಪಿಟ್ಟುಕೊಂಡ್ರೆ ಸಾಕು. ನಿಮ್ಮ ಆ ಹುಡುಗಿಯ ಪಿಜಿಗೆ ನೀರು ಎಲ್ಲಿಂದ?

ಸೊಸೆ: ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ವಾರಕ್ಕೆರಡು ದಿನ ಸ್ನಾನ ಅಂತ ಬೋರ್ಡು ಹಾಕಿದ್ರಂತೆ.

ಮಾವ: ಆ ಬೇಸಿಗೆಯಲ್ಲಿ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳ್ತು. ಕುಡಿಯೋ ನೀರಿನಲ್ಲಿ ಕಾರು ತೊಳೆದ್ರೆ 5,000 ದಂಡ. ಈಗ ಕೇಳು, ನಿನಗೆ ಯಾರೂ ಹೇಳದ ಒಂದು ವಿಚಾರ ಹೇಳ್ತೀನಿ. 1902ರಲ್ಲಿ ಶಿವನಸಮುದ್ರದಲ್ಲಿ ನೀರು ಕೆಳಗೆ ಬಿತ್ತು, ಕರೆಂಟು ಮೇಲೆ ಬಂತು. ಈಗ ಅದೇ ಸೀಮೆಯಿಂದ ಕರೆಂಟು ಕೊಟ್ಟು ನೀರನ್ನ ಮೇಲೆತ್ತಿಸ್ತಾ ಇದ್ದೀವಿ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಒಂದು ಸಲ ಎತ್ತೋದು, ಹಾರೋಹಳ್ಳಿಯಲ್ಲಿ ಇನ್ನೊಂದು ಸಲ, ತಾತಗುಣಿಯಲ್ಲಿ ಮೂರನೇ ಸಲ. ನೂರು ಕಿಲೋಮೀಟರ್ ದೂರ, ಹೆಚ್ಚುಕಡಿಮೆ 500 ಮೀಟರ್ ಎತ್ತರ. ನಿನ್ನ ಸ್ಕೈಡೆಕ್ ಎಷ್ಟು ಅಂದೆ?

ಸೊಸೆ: ಇನ್ನೂರ ಐವತ್ತು.

ಮಾವ: ಅದರ ಎರಡರಷ್ಟು. ಒಂದರ ಮೇಲೊಂದು ಎರಡು ಸ್ಕೈಡೆಕ್ ನಿಲ್ಲಿಸಿ ಅದರ ತಲೆಯ ಮೇಲಿರೋ ಊರಿಗೆ ಇಡೀ ಹೊಳೆ ಏರಿಸಿದ ಹಾಗೆ, ರಾತ್ರಿ ಹಗಲು. 1974ರಲ್ಲಿ ಮೊದಲ ಹಂತ. ನಾಲ್ಕು ಹಂತ ಮುಗಿದಾಗ ದಿನಕ್ಕೆ 145 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಐದನೆಯದು ಸೇರಿ ಇನ್ನೂ 77.5 ಕೋಟಿ. ಅದು 110 ಹಳ್ಳಿಗಳಿಗೆ ಅಂತ ಮಾಡಿದ್ದು. ಆ ಹಳ್ಳಿಗಳನ್ನ ನಗರಕ್ಕೆ ಸೇರಿಸಿದ್ದು 2007ರಲ್ಲಿ. ಸೇರಿಸಿದ ದಿನದಿಂದ ಕರ ಕೇಳಿದ್ವಿ, ನೀರು ಕೊಟ್ಟದ್ದು ಹದಿನೇಳು ವರ್ಷಕ್ಕೆ. ನಾನು ಇದ್ದಾಗ ಒಂದು ರಾತ್ರಿ ಪಂಪ್ ನಿಂತಿತ್ತು. ಕರೆಂಟು ಕೈಕೊಟ್ಟಿತ್ತು. ಅಷ್ಟು ದೊಡ್ಡ ಪಂಪ್‌ಹೌಸ್‌ನಲ್ಲಿ ಮೋಟಾರ್ ಸದ್ದು ನಿಂತಾಗ ಕಿವಿ ನೋಯುತ್ತೆ. ಆಪರೇಟರ್ ಒಬ್ಬ, ಮಳವಳ್ಳಿ ಕಡೆಯವನು, ಗಡಿಯಾರ ನೋಡಿಕೊಂಡು ಬಡಾವಣೆಗಳ ಹೆಸರು ಹೇಳ್ತಾ ಹೋದ: ಇನ್ನು ಇಷ್ಟು ಹೊತ್ತಿಗೆ ಜಯನಗರ ಒಣಗುತ್ತೆ, ಇಷ್ಟು ಹೊತ್ತಿಗೆ ರಾಜಾಜಿನಗರ. ಆ ಬಡಾವಣೆಗಳನ್ನ ಅವನು ನೋಡಿರಲಿಲ್ಲ.

ಸೊಸೆ: ಅವನ ಊರಿಗೆ ನೀರಿತ್ತಾ?

ಮಾವ: ಕೈಪಂಪ್ ಇತ್ತು.

ಸೊಸೆ: ಮತ್ತೆ ಕೋಲಾರ? ಅವರ ಚಿನ್ನದಿಂದ ನಮಗೆ ದೀಪ ಅಂದ್ರಿ.

ಮಾವ: 2018ರಿಂದ ಅವರಿಗೆ ನಾವು ಮರುಪಾವತಿ ಮಾಡ್ತಿದ್ದೀವಿ. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನ ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ. ಯೋಜನೆ ದಿನಕ್ಕೆ 44 ಕೋಟಿ ಲೀಟರ್‌ದು. ಮೊದಲ ವರ್ಷ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದು ಕೋರ್ಟು ತಡೆ ಕೊಟ್ಟಿತ್ತು. ಆಮೇಲೆ ಮತ್ತೆ ಹರೀತು. ಅಂತರ್ಜಲ ಏರಿದೆ ಅಂತ ಒಬ್ಬರು, ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಬೇಡ ಅಂತ ಇನ್ನೊಬ್ಬರು. ಇಬ್ಬರೂ ರೈತರೇ. ನಾನು ಎಂಜಿನಿಯರ್ ಆಗಿ ಹೇಳೋದು, ಕೆಲಸ ದೊಡ್ಡದು, ಅರ್ಧಕ್ಕೆ ನಿಲ್ಲಿಸಬಾರದು. ಇಷ್ಟು ಕೊಳಚೆಯನ್ನ ಇಷ್ಟು ದೂರ ಎತ್ತಿ ಬರಡು ಸೀಮೆಯ ಕೆರೆ ತುಂಬಿಸಿದ ಊರು ದೇಶದಲ್ಲಿ ಎಷ್ಟಿದೆ? ಮೂರನೇ ಹಂತವನ್ನೂ ಮುಗಿಸಿ ತೋರಿಸಿದ್ರೆ ಹೊರದೇಶದವರು ಫಿಲ್ಮು ಇಲ್ಲದೇ ಬರ್ತಾರೆ, ಕಲಿಯೋಕೆ.

ಸೊಸೆ: ಚರಂಡಿ ನೀರು ಅಂತ ಪರದೆ ಮೇಲೆ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ.

ಮಾವ: ನಿನ್ನನ್ನೂ ‘ಬ್ಯಾಂಗಲೋರ್ಡ್’ ಮಾಡ್ತಾರೆ ಅನ್ನು.

ಸೊಸೆ: ಮಾವ! ...ಒಂದು ಸಂಶಯ. ಇದನ್ನೆಲ್ಲ ಯಾರಿಗೆ ಹೇಳಬೇಕು? ನಮ್ಮ ರಸ್ತೆಯಲ್ಲಿ ಒಡೆದ ಪೈಪಿಗೆ ಯಾರನ್ನ ಹಿಡೀಬೇಕು ಅಂತಲೇ ಗೊತ್ತಾಗಲ್ಲ.

ಮಾವ: ಮೊದಲಾದ್ರೆ ಕಾರ್ಪೊರೇಟರ್ ಮನೆ ಮುಂದೆ ಕೊಡ ಇಟ್ಟು ಕೂರ್ತಿದ್ರು. ಪಾಲಿಕೆಯ ಚುನಾವಣೆ ಆದದ್ದು 2015ರಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಅಧಿಕಾರಿಗಳದೇ ಆಡಳಿತ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಒಡೆದು ಐದಾಯ್ತು. ಆ ಐದೂ ಹುಟ್ಟಿದ ದಿನ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಐದು ತೊಟ್ಟಿಲು, ಮಗು ಇಲ್ಲ. ಬಿಡು, ಬಿಸಿಲೇರ್ತಿದೆ, ನಿಮ್ಮತ್ತೆ ತಿಂಡಿಗೆ ಕಾಯ್ತಿರ್ತಾಳೆ. ಅವಳಿಗೆ ಅವರೆಕಾಳು ಬೇರೆ ತಗೊಂಡು ಹೋಗಬೇಕು.

ಸೊಸೆ: ಎರಡು ನಿಮಿಷ. ಮೊದಲ ದೃಶ್ಯ ಬದಲಾಯಿಸೋಣ ಅಂತಿದ್ದೀನಿ. ಡ್ರೋನ್ ಇರಲಿ, ಅದಿಲ್ಲದಿದ್ರೆ ಒಪ್ಪಲ್ಲ ಅವರು. ಆದರೆ ಮೋಡದಿಂದ ಇಳಿಯೋದು ಬೇಡ. ಹೊಳೆಯಿಂದ ಹತ್ತಲಿ. ತೊರೆಕಾಡನಹಳ್ಳಿಯ ಪಂಪ್‌ಹೌಸ್, ಆ ಮೋಟಾರಿನ ಸದ್ದು, ಪೈಪಿನ ಜೊತೆಜೊತೆಗೇ ಬೆಟ್ಟ ಹತ್ತಿ ಬಂದು ಒಂದು ಪಿಜಿಯ ನಲ್ಲಿಯಲ್ಲಿ... ನಲ್ಲಿಯಲ್ಲಿ ನೀರು ಬರೋ ಹೊತ್ತಿಗೆ ಶೂಟಿಂಗ್ ಇಟ್ಟುಕೊಳ್ಳಬೇಕು, ಅದೊಂದು ತಲೆನೋವು.

ಮಾವ: ಮಾಡಿಸ್ತಿರೋರು ಒಪ್ತಾರಾ?

ಸೊಸೆ: ಒಪ್ಪಲ್ಲ ಅನ್ಸುತ್ತೆ. ಒಂದು ಸಲ ತೋರಿಸಿ ನೋಡ್ತೀನಿ. ಎರಡು ಸ್ಕೈಡೆಕ್ ಎತ್ತರ ಅನ್ನೋ ಸಾಲು ಅವರಿಗೆ ಹಿಡಿಸಬಹುದು. ಒಳಗೆ ಬಿಡೋಕೆ ಅನುಮತಿ ಬೇಕಲ್ಲ, ಅದಕ್ಕೆ ನಿಮ್ಮ ಹಳೆಯ ಜೊತೆಗಾರರು ಯಾರಾದ್ರೂ ಇದ್ದಾರಾ?

ಮಾವ: ಎಲ್ಲ ನನ್ನ ಹಾಗೇ ವಾಕಿಂಗ್ ಮಾಡ್ಕೊಂಡಿದ್ದಾರೆ. ಕೇಳ್ತೀನಿ. ಯಾವತ್ತು ಹೋಗ್ತೀಯ?

ಸೊಸೆ: ಬುಧವಾರ. ಮೈಸೂರು ರಸ್ತೆಯಲ್ಲಿ ಹೋಗಲಾ, ಕನಕಪುರದ ಮೇಲಾ?

ಮಾವ: ಕನಕಪುರದ ಮೇಲೆ ಹೋಗು. ಸಾತನೂರು ದಾಟಿ ಹಲಗೂರು. ದಾರಿಯುದ್ದಕ್ಕೂ ಬಲಕ್ಕೋ ಎಡಕ್ಕೋ ಪೈಪು ಕಾಣ್ತಾ ಇರುತ್ತೆ, ಅದನ್ನ ಹಿಡಿದು ಹೋದ್ರೆ ದಾರಿ ತಪ್ಪಲ್ಲ. ಆದರೆ ಬೆಳಿಗ್ಗೆ ಐದೂವರೆಗೇ ಹೊರಟುಬಿಡು. ಬನಶಂಕರಿ ದಾಟೋಕೇ ಆಮೇಲೆ ಒಂದು ಗಂಟೆ ಬೇಕು.